ನಾಯಿ ನಿಂತಿದೆ ಅಂದರೆ ಹಕ್ಕಿ ಇದೆ

(ಅಮೆರಿಕದ ಕಾನ್ಸಾಸ್‌ನಲ್ಲಿ ಕನ್ನಡದ ಗೆಳೆಯರು ಸೇರಿದ್ದಾಗ ಆಡಿದ ಮಾತಿನ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಮೊದಲು ಒಂದು ನಿಮಿಷ ನನ್ನ ಜೊತೆ ಹುಲ್ಲುಗಾವಲಿಗೆ ಬನ್ನಿ. ನವೆಂಬರ್ ಕೊನೆ. ಪಶ್ಚಿಮ ಕಾನ್ಸಾಸ್. ಬೆಳಿಗ್ಗೆ ಒಂಬತ್ತೂವರೆ. ರಾತ್ರಿ ಹೆಪ್ಪುಗಟ್ಟಿದ ಇಬ್ಬನಿ ಈಗಷ್ಟೇ ಕರಗುತ್ತಿದೆ, ಪ್ಯಾಂಟು ತೊಡೆಯವರೆಗೆ ಒದ್ದೆ. ಸೊಂಟದೆತ್ತರ ಹುಲ್ಲು. ನನ್ನ ಹಕ್ಕಿಬೇಟೆಯ ನಾಯಿ ಚುಕ್ಕಿ ಗಾಳಿಗೆ ಎದುರಾಗಿ, ಮಗ್ಗದ ಲಾಳಿಯ ಹಾಗೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ಓಡುತ್ತಿದ್ದಾಳೆ. ಕೊರಳ ಗಂಟೆ ಟಿಣಿಟಿಣಿ ಅನ್ನುತ್ತಿದೆ. ಒಮ್ಮೆಲೇ ಗಂಟೆ ನಿಂತಿತು.

ಗಂಟೆ ಕೇಳಿಸದೆ ಇದ್ದಾಗಲೇ ನಿಜವಾದ ಸುದ್ದಿ. ಹೋಗಿ ನೋಡಿದರೆ ಚುಕ್ಕಿ ಓಡುತ್ತಿದ್ದ ಭಂಗಿಯಲ್ಲೇ ಕಲ್ಲಾಗಿದ್ದಾಳೆ. ಮೈ ಅರ್ಧ ತಿರುಗಿದೆ. ಒಂದು ಮುಂಗಾಲು ಮೇಲೆಯೇ ಉಳಿದಿದೆ. ಬಾಲ ಕಡ್ಡಿಯಂತೆ ನೆಟ್ಟಗಿದೆ. ಬಾಯಿ ಮುಚ್ಚಿದ್ದಾಳೆ, ಮೂಗಿನ ಹೊಳ್ಳೆ ಮಾತ್ರ ಆಡುತ್ತಿದೆ. ಅವಳ ಮೂತಿಯ ಮುಂದೆ ಐದಾರು ಅಡಿಯಲ್ಲಿ ನನಗೆ ಕಾಣುವುದು ಬರೀ ಹುಲ್ಲು. ಆದರೆ ಅಲ್ಲಿ ಹಕ್ಕಿ ಇದೆ. ನನ್ನ ಕಣ್ಣು ಇಲ್ಲ ಅನ್ನುತ್ತದೆ, ಅವಳ ಮೂಗು ಇದೆ ಅನ್ನುತ್ತದೆ. ಇವತ್ತು ನಾನು ಮಾತಾಡಬೇಕಾಗಿರುವುದು ಆ ಐದಾರು ಅಡಿ ಜಾಗದ ಬಗ್ಗೆ.

ನಾನು ಬಯಲುಸೀಮೆಯವನು. ಬೆಳಗಿನ ಹೊತ್ತು ಹೊಲದ ಬದುವಿನಿಂದ ಗೌಜಲಕ್ಕಿ ಕೂಗುವುದನ್ನು ಕೇಳುತ್ತಾ ಬೆಳೆದವನು. ಕಾಲ ಬುಡದಿಂದ ಲಾವಕ್ಕಿ ಬುರ್ರನೆ ಎದ್ದು ಎದೆ ಝಲ್ಲೆನ್ನಿಸಿದ್ದು ಇವತ್ತಿಗೂ ನೆನಪಿದೆ. ಭಾರತದಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಈಗ ಈ ಹಕ್ಕಿಗಳನ್ನು ಬೇಟೆಯಾಡುವ ಹಾಗಿಲ್ಲ. ಅದು ಹಾಗೇ ಇರಬೇಕು ಅಂತಲೇ ನನ್ನ ಅಭಿಪ್ರಾಯ. ಇಲ್ಲಿಯ ಮಾತು ಬೇರೆ. ಇಲ್ಲಿ ಲೈಸೆನ್ಸ್ ಇದೆ, ಋತು ಇದೆ, ದಿನಕ್ಕೆ ಇಷ್ಟೇ ಹಕ್ಕಿ ಅನ್ನುವ ಲೆಕ್ಕ ಇದೆ. ಕಾನ್ಸಾಸ್‌ನಲ್ಲಿ ನವೆಂಬರ್ ಎರಡನೇ ಶನಿವಾರ ಶುರುವಾಗಿ ಜನವರಿ 31ಕ್ಕೆ ಮುಗಿಯುತ್ತದೆ. ಒಬ್ಬರಿಗೆ ದಿನಕ್ಕೆ 4 ಫೆಸೆಂಟ್ ಹುಂಜ, 8 ಲಾವಕ್ಕಿ. 1957ರ ಜುಲೈ 1ರಂದು ಅಥವಾ ಆಮೇಲೆ ಹುಟ್ಟಿದವರು ಸಾಮಾನ್ಯವಾಗಿ ಬೇಟೆಯ ಸುರಕ್ಷತೆಯ ಪಾಠ ಮುಗಿಸದೆ ಬೇಟೆಗೆ ಇಳಿಯುವಂತಿಲ್ಲ.

ಹಕ್ಕಿಗಳ ವಿಷಯಕ್ಕೆ ಬರುತ್ತೇನೆ. ಫೆಸೆಂಟ್ ಅಮೆರಿಕದ ಹಕ್ಕಿಯೇ ಅಲ್ಲ. ನಮ್ಮ ಏಷ್ಯಾದ್ದು. ನಮ್ಮ ನವಿಲು, ಕಾಡುಕೋಳಿ, ಗೌಜಲಕ್ಕಿ ಎಲ್ಲ ಅದರ ಕುಟುಂಬದವೇ. ಶಾಂಘೈನಲ್ಲಿ ಅಮೆರಿಕದ ರಾಯಭಾರ ಅಧಿಕಾರಿಯಾಗಿದ್ದ ಓವೆನ್ ಡೆನ್ನಿ 1881ರಲ್ಲಿ ಹಡಗಿನಲ್ಲಿ ಹಕ್ಕಿಗಳನ್ನು ಒರೆಗಾನ್‌ಗೆ ಕಳಿಸಿದರು. ಹೆಚ್ಚಿನವು ದಾರಿಯಲ್ಲೇ ಸತ್ತವು. ಮರುವರ್ಷ ಮತ್ತೆ ಕಳಿಸಿದರು. ಅವು ವಿಲ್ಯಾಮೆಟ್ ಕಣಿವೆಯಲ್ಲಿ ಬದುಕಿ, ಹತ್ತೇ ವರ್ಷದಲ್ಲಿ, 1892ಕ್ಕೆ, ಬೇಟೆಯ ಋತು ತೆರೆಯುವಷ್ಟು ಹೆಚ್ಚಿದವು. ಸೌತ್ ಡಕೋಟಾದಲ್ಲಿ ಮೊದಲ ಬೇಟೆ ನಡೆದದ್ದು 1919ರಲ್ಲಿ, ಸ್ಪಿಂಕ್ ಕೌಂಟಿಯಲ್ಲಿ, ಒಂದೇ ಒಂದು ದಿನ. 1943ರಲ್ಲಿ ಆ ರಾಜ್ಯ ಫೆಸೆಂಟನ್ನು ತನ್ನ ರಾಜ್ಯಪಕ್ಷಿ ಮಾಡಿಕೊಂಡಿತು. ಹೊರಗಿಂದ ಬಂದು ಈ ನೆಲದವನಾದ ಹಕ್ಕಿ. ನಮ್ಮಂಥವರಿಗೆ ಅದರ ಮೇಲೆ ಸ್ವಲ್ಪ ಜಾಸ್ತಿ ಪ್ರೀತಿ ಸಹಜ, ಅಲ್ವಾ?

ಅದು ಇಲ್ಲಿ ಏನು ತಿಂದು ಬದುಕುತ್ತದೆ ಗೊತ್ತಾ? ಜೋಳ. ನಮ್ಮ ರೊಟ್ಟಿಯ ಜೋಳ. ಇಲ್ಲಿ ಮೈಲೊ ಅನ್ನುತ್ತಾರೆ. ಅಮೆರಿಕದಲ್ಲಿ ಜೋಳ ಬೆಳೆಯುವುದರಲ್ಲಿ ಕಾನ್ಸಾಸ್ ಮೊದಲು. ಕೆಂಪು ತೆನೆಯ ಗಿಡ್ಡ ಜಾತಿ, ಎದೆ ಮಟ್ಟಕ್ಕೂ ಬರುವುದಿಲ್ಲ. ಕಟಾವಾದ ಜೋಳದ ಹೊಲ, ಪಕ್ಕದಲ್ಲಿ ಹತ್ತಾರು ಎಕರೆ ಹುಲ್ಲು. ಇಂಥ ಜಾಗ ಕಂಡರೆ ಗಾಡಿ ನಿಲ್ಲಿಸಿ.

ಇನ್ನೊಂದು, ಬಾಬ್‌ವೈಟ್ ಲಾವಕ್ಕಿ. ಇದು ಇಲ್ಲಿಯದೇ ಹಕ್ಕಿ. ತೂಕ 170 ಗ್ರಾಂ ಸುಮಾರು, ಅಂಗೈಯಲ್ಲಿ ಹಿಡಿಸುತ್ತದೆ. ಬೇಸಿಗೆಯಲ್ಲಿ ಗಂಡು ತನ್ನ ಹೆಸರನ್ನೇ ಕೂಗುತ್ತದೆ, 'ಬಾಬ್... ವೈಟ್!' ಚಳಿಗಾಲದಲ್ಲಿ ಹತ್ತು ಹನ್ನೆರಡು ಹಕ್ಕಿ ಹಿಂಡಾಗಿ ಬದುಕುತ್ತವೆ. ರಾತ್ರಿ ಮಲಗುವುದು ನೆಲದ ಮೇಲೆ, ದುಂಡಗೆ. ಬಾಲ ಎಲ್ಲ ಒಳಗೆ, ತಲೆ ಎಲ್ಲ ಹೊರಗೆ. ಮೈಗೆ ಮೈ ತಾಗಿಸಿ ಬಿಸಿ ಉಳಿಸಿಕೊಳ್ಳುತ್ತವೆ. ನರಿಯೋ ಕಾಡುಬೆಕ್ಕೋ ಬಂದರೆ ಒಂದೊಂದು ಒಂದೊಂದು ದಿಕ್ಕಿಗೆ ಸಿಡಿಯುತ್ತದೆ. ಬೆಳಿಗ್ಗೆ ಹುಲ್ಲು ಸರಿಸಿ ನೋಡಿದರೆ ಸಣ್ಣ ತಟ್ಟೆಯಗಲದ ಹಿಕ್ಕೆಯ ಗುಂಪು ಕಾಣುತ್ತದೆ. ಅದನ್ನು ಕಂಡರೆ ನನಗೆ ಒಂದು ಸಂಸಾರದ ಹಾಸಿಗೆ ಕಂಡ ಹಾಗಾಗುತ್ತದೆ.

ಈಗ ನಾಯಿ. ಇದರ ಬಗ್ಗೆ ನಿಧಾನವಾಗಿ ಹೇಳುತ್ತೇನೆ.

ನಮಗೆಲ್ಲ ಗೊತ್ತಿರುವ ಬೇಟೆನಾಯಿ ಮುಧೋಳದ್ದು. ಅದು ಕಣ್ಣಿನ ನಾಯಿ. ಮೊಲ ಕಂಡಿತೋ, ಬಾಣದ ಹಾಗೆ ಓಡಿ ಹಿಡಿಯುತ್ತದೆ. ಚುಕ್ಕಿಯಂಥ ಪಾಯಿಂಟರ್ ಜಾತಿಯ ನಾಯಿ ಇದಕ್ಕೆ ಪೂರ್ತಿ ಉಲ್ಟಾ. ಇದು ಮೂಗಿನ ನಾಯಿ. ಹುಡುಕುತ್ತದೆ, ಆದರೆ ಹಿಡಿಯುವುದಿಲ್ಲ. ಸಿಕ್ಕಾಗ ನಿಲ್ಲುತ್ತದೆ. ಬೆಕ್ಕು ಇಲಿಯ ಮೇಲೆ ಎರಗುವ ಮೊದಲು ಒಂದು ಗಳಿಗೆ ಮೈ ಬಿಗಿ ಹಿಡಿದು ನಿಲ್ಲುತ್ತದಲ್ಲ, ಆ ಗಳಿಗೆ ನಾಯಿಯ ರಕ್ತದಲ್ಲೂ ಇದೆ. ಯುರೋಪಿನ ಬೇಟೆಗಾರರು ಯಾವ ನಾಯಿ ಜಾಸ್ತಿ ಹೊತ್ತು ನಿಲ್ಲುತ್ತದೋ ಅದರಿಂದಲೇ ಮರಿ ತೆಗೆಯುತ್ತಾ ಬಂದರು. ಎಷ್ಟೋ ತಲೆಮಾರು ಕಳೆದು ಆ ಒಂದು ಗಳಿಗೆ ಹತ್ತು ನಿಮಿಷವೂ ಆಯಿತು. ಬಂದೂಕಿಗೆ ಮುಂಚೆಯೇ ಇದು ಶುರುವಾಗಿದೆ. ಆಗ ನಾಯಿ ಹಕ್ಕಿಯ ಮುಂದೆ ನೆಲಕ್ಕೆ ಕುಗ್ಗಿ ಕೂರುತ್ತಿತ್ತು, ಬೇಟೆಗಾರರು ಬಲೆ ಎಳೆದು ಹಿಂಡನ್ನು ಮುಚ್ಚುತ್ತಿದ್ದರು. ಸೆಟರ್ ಅನ್ನುವ ಹೆಸರು ಹಾಗೆ ಬಂತು. ಇಂಗ್ಲಿಷ್ ಪಾಯಿಂಟರ್, ಇಂಗ್ಲಿಷ್ ಸೆಟರ್, ಬ್ರಿಟನಿ, ಹಂಗೇರಿಯ ವಿಜ್‌ಲಾ, ಹೀಗೆ ಜಾತಿ ತುಂಬಾ ಇವೆ. ಚುಕ್ಕಿ ಜರ್ಮನ್ ಶಾರ್ಟ್‌ಹೇರ್ಡ್ ಪಾಯಿಂಟರ್. ಮೈತುಂಬ ಕಂದು ಚುಕ್ಕೆ, ಅದಕ್ಕೇ ಆ ಹೆಸರು.

ನಾಯಿಯ ಮೂಗನ್ನು ಒಮ್ಮೆ ಹತ್ತಿರದಿಂದ ನೋಡಿ. ಹೊಳ್ಳೆಯ ಪಕ್ಕದಲ್ಲಿ ಒಂದು ಸೀಳು ಇರುತ್ತದೆ. ಬಿಟ್ಟ ಉಸಿರು ಆ ಸೀಳಿನಿಂದ ಪಕ್ಕಕ್ಕೆ ಹೋಗುತ್ತದೆ. ಹಾಗಾಗಿ ಎದುರಿನಿಂದ ಬರುವ ವಾಸನೆಯನ್ನು ಅದು ಚದುರಿಸುವುದಿಲ್ಲ. ಹಕ್ಕಿಯ ವಾಸನೆ ಗಾಳಿಯಲ್ಲಿ ಹೊಗೆಯ ಹಾಗೆ ಹೋಗುತ್ತಾ ಅಗಲವಾಗುತ್ತದೆ. ನಾಯಿ ಗಾಳಿಗೆ ಅಡ್ಡಡ್ಡ ಓಡಿ ಆ ಹೊಗೆಯ ಅಂಚನ್ನು ಮುಟ್ಟುತ್ತದೆ, ತಲೆ ತಿರುಗಿಸುತ್ತದೆ, ತುದಿ ಎಲ್ಲಿದೆ ಅಂತ ಅಳೆಯುತ್ತದೆ. ಒಣ ಬಿಸಿಲಿನಲ್ಲಿ ವಾಸನೆ ಸಿಗುವುದು ಕಷ್ಟ. ತಂಪು, ಸ್ವಲ್ಪ ತೇವ, ಸಣ್ಣ ಗಾಳಿ ಇದ್ದರೆ ನಾಯಿಗೆ ಹಬ್ಬ.

ಚುಕ್ಕಿಯ ಬಾಲ ನೋಡಿ ಎದುರಿಗೆ ಯಾವ ಹಕ್ಕಿ ಅಂತ ಹೇಳಬಲ್ಲೆ. ಲಾವಕ್ಕಿ ಹಿಂಡಾದರೆ ಬಾಲ ಅಲುಗುವುದೇ ಇಲ್ಲ. ಅವು ಹುಲ್ಲಿನಲ್ಲಿ ಕಚ್ಚಿಕೊಂಡು ಕೂತಿರುತ್ತವೆ. ಫೆಸೆಂಟ್ ಹುಂಜ ಕೂರುವ ಜಾತಿಯಲ್ಲ, ಓಡುವ ಜಾತಿ. ನಾಯಿ ನಿಲ್ಲುತ್ತದೆ, ಹುಂಜ ತಲೆ ತಗ್ಗಿಸಿ ಸಾಲಿನ ನಡುವೆ ಓಡುತ್ತದೆ. ಆಗ ಚುಕ್ಕಿಯ ಬಾಲದ ತುದಿ ಸಡಿಲವಾಗುತ್ತದೆ. ಒಂದು ಸಲ ನನ್ನ ಕಡೆ ನೋಡುತ್ತಾಳೆ. ನಾನು ಸಣ್ಣಗೆ ನಾಲಿಗೆ ಲೊಚಗುಟ್ಟಿದರೆ ಹತ್ತಿಪ್ಪತ್ತು ಗಜ ಮುಂದೆ ಹೋಗಿ ಮತ್ತೆ ನಿಲ್ಲುತ್ತಾಳೆ. ಹೀಗೆ ಮೂರು ನಾಲ್ಕು ಸಲ. ಹೊಲದ ಕೊನೆಗೆ ಬಂದಾಗ ಹುಂಜನಿಗೆ ಓಡಲು ಜಾಗ ಇರುವುದಿಲ್ಲ. ಆಗ ಅವನು ಎದ್ದರೆ, ಏನು ಹೇಳಲಿ! ಹಸಿರು ತಲೆ, ಕೊರಳಿಗೆ ಬಿಳಿ ಪಟ್ಟಿ, ತಾಮ್ರದ ಎದೆ, ಉದ್ದ ಬಾಲ, ಮೇಲಿಂದ ಕೊಕ್ಕೊಕ್ಕೊ ಅಂತ ಜಗಳ. ಹೇಂಟೆ ಎದ್ದರೆ ಸಾಮಾನ್ಯವಾಗಿ ಕೂಗುವುದಿಲ್ಲ, ಮಣ್ಣಿನ ಬಣ್ಣ. ಅದನ್ನು ಹೊಡೆಯುವ ಹಾಗಿಲ್ಲ. ಒಂದು ಹುಂಜ ಹಲವು ಹೇಂಟೆಗಳ ಜೊತೆ ಕೂಡುತ್ತದೆ. ಹಾಗಾಗಿ ಕೆಲವು ಹುಂಜ ಕಡಿಮೆಯಾದರೂ ಮರಿಗಳ ಲೆಕ್ಕ ತಪ್ಪುವುದಿಲ್ಲ. ಸೂರ್ಯ ಕಣ್ಣಿಗೆ ಹೊಡೆಯುತ್ತಿದ್ದು, ಗಂಡೋ ಹೆಣ್ಣೋ ಗೊತ್ತಾಗಲಿಲ್ಲ ಅಂದರೆ ಬಂದೂಕು ಇಳಿಸಬೇಕು. ಹಕ್ಕಿಯ ಕೆಳಗೆ ಆಕಾಶ ಕಾಣದಿದ್ದರೂ ಇಳಿಸಬೇಕು. ಅಲ್ಲಿ ನಾಯಿ ಇರುತ್ತದೆ.

ಎರಡು ನಾಯಿ ಇದ್ದಾಗ ಇನ್ನೊಂದು ಚೆಂದ ಇದೆ. ಮೊದಲನೆಯದು ನಿಂತದ್ದನ್ನು ದೂರದಿಂದ ನೋಡಿದರೆ ಸಾಕು, ಎರಡನೆಯದೂ ನಿಲ್ಲುತ್ತದೆ. ಅದಕ್ಕೆ ವಾಸನೆ ಬಂದಿರುವುದಿಲ್ಲ. ಜೊತೆಯವಳ ಮಾತನ್ನು ನಂಬಿ ನಿಲ್ಲುತ್ತದೆ ಅಷ್ಟೇ.

ಆ ನಂಬಿಕೆ ನನಗೆ ಬರುವುದು ತಡವಾಯಿತು. ಅದನ್ನು ಹೇಳಲೇಬೇಕು. ಚುಕ್ಕಿಗೆ ಆಗ ಎರಡು ವರ್ಷ. ಒಂದು ಸ್ಯಾಂಡ್ ಪ್ಲಮ್ ಪೊದೆ. ಮುಳ್ಳುಮುಳ್ಳಾದ, ಎದೆಯೆತ್ತರದ ಪೊದೆ ಅದು, ಲಾವಕ್ಕಿಗೆ ಕೋಟೆ ಇದ್ದ ಹಾಗೆ. ಚುಕ್ಕಿ ಅದರ ಅಂಚಿನಲ್ಲಿ ನಿಂತಳು. ನಾನು ಮುಂದೆ ಹೋಗಿ ಹುಲ್ಲು ಒದ್ದೆ. ಏನೂ ಏಳಲಿಲ್ಲ. ಸುತ್ತು ಬಂದೆ. ಇಲ್ಲ. 'ಬಾ' ಅಂದೆ. ಅವಳು ಬರಲಿಲ್ಲ. ಕಣ್ಣು ಕೂಡ ತಿರುಗಿಸಲಿಲ್ಲ. ತಾಳ್ಮೆ ಕೆಟ್ಟು ಕೊರಳಪಟ್ಟಿ ಹಿಡಿದು ಎಳೆದುಕೊಂಡು ಹೊರಟೆ. ಹತ್ತು ಹೆಜ್ಜೆ ಆಗಿರಬಹುದು. ಹಿಂದಿನಿಂದ ಬುರ್ರ್ ಅಂತ ನೆಲವೇ ಎದ್ದ ಹಾಗೆ ಹದಿಮೂರೋ ಹದಿನಾಲ್ಕೋ ಹಕ್ಕಿ ಎದ್ದು ಪೊದೆ ದಾಟಿ ಹೋದವು. ಚುಕ್ಕಿ ಅವು ಹೋದ ಕಡೆ ನೋಡಿದಳು, ಆಮೇಲೆ ನನ್ನ ಮುಖ ನೋಡಿದಳು. ನನಗೆ ನಾಚಿಕೆ ಆಯಿತು. ಹಕ್ಕಿ ತಪ್ಪಿದ್ದಕ್ಕಲ್ಲ. ನಿಜ ಹೇಳುತ್ತಿದ್ದವಳನ್ನು ಕೊರಳು ಹಿಡಿದು ಎಳೆದಿದ್ದೆ. ಅವತ್ತಿನಿಂದ ಅವಳು ನಿಂತರೆ ನಾನೂ ನಿಲ್ಲುತ್ತೇನೆ. ಹಕ್ಕಿ ಇಲ್ಲ ಅಂತ ಅವಳೇ ಹೇಳುವವರೆಗೆ ನಾನು ಹೇಳುವುದಿಲ್ಲ.

ನಮ್ಮ ಹಿರಿಯರಿಗೆ ಇದು ಗೊತ್ತಿತ್ತು ಅನ್ನಿಸುತ್ತದೆ. ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸಿಕ್ಕಿದ ಶಾಸನ ಕೆಲವರಿಗಾದರೂ ಗೊತ್ತಿರಬಹುದು. ಕ್ರಿ.ಶ. 949-50ರ ಕಲ್ಲು. ತಕ್ಕೋಲದ ಯುದ್ಧದಲ್ಲಿ ಮೆರೆದ ಮಣಲೇರನಿಗೆ ಗಂಗರ ದೊರೆ ಬೂತುಗ ಏನು ಬೇಕು ಕೇಳು ಅಂದಾಗ, ಅವನು ಕೇಳಿದ್ದು ಕಾಳಿ ಅನ್ನುವ ನಾಯಿಯನ್ನು. ಆ ಕಾಳಿ ಒಂದು ದೊಡ್ಡ ಹಂದಿಯ ಮೇಲೆ ಬಿದ್ದು, ಎರಡೂ ಸತ್ತವು. ಮಣಲೇರ ಕಾಳಿಗೆ ಕಲ್ಲು ನಿಲ್ಲಿಸಿದ, ಅದರ ಪೂಜೆಗೆ ಭೂಮಿ ಬಿಟ್ಟ. ಕಲ್ಲು ಈಗ ಬೆಂಗಳೂರಿನ ಸರ್ಕಾರಿ ಮ್ಯೂಸಿಯಂನಲ್ಲಿದೆ. ಊರಿಗೆ ಹೋದಾಗ ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸಿ. ನಾಯಿ ಹಂದಿ ಎದುರುಬದುರು ನಿಂತಿರುವ ಕೆತ್ತನೆ ನೋಡುವ ಹಾಗಿದೆ.

ಕಾಡಿನ ಹಕ್ಕಿಯೇ ಯಾಕೆ, ಸಾಕಿದ ಹಕ್ಕಿಯನ್ನು ಬಿಟ್ಟು ಆಡುವ ಜಾಗಗಳು ಬೇಕಾದಷ್ಟಿವೆಯಲ್ಲ ಅಂತ ಹೋದ ಸಲ ಒಬ್ಬರು ಕೇಳಿದ್ದರು. ಇವೆ. ಮರಿನಾಯಿಗೆ ಮೊದಲ ಪಾಠ ಹೇಳಲು ಅವು ಬೇಕು ಕೂಡ. ಆದರೆ ಗೂಡಿನಲ್ಲಿ ಬೆಳೆದ ಹಕ್ಕಿ ಪೆದ್ದು ಪೆದ್ದಾಗಿ ಕೂತಿರುತ್ತದೆ. ನಾಯಿ ಮೂಗು ತಾಗಿಸುವಷ್ಟು ಹತ್ತಿರ ಹೋದರೂ ಏಳುವುದಿಲ್ಲ. ನಾಯಿ ಅದನ್ನೇ ಕಲಿಯುತ್ತದೆ. ಅಂಥ ನಾಯಿಯನ್ನು ನಿಜವಾದ ಹುಲ್ಲುಗಾವಲಿಗೆ ತಂದರೆ ಮೊದಲ ದಿನ ಒಂದು ಹಕ್ಕಿಯ ಮುಂದೆಯೂ ಸರಿಯಾಗಿ ನಿಲ್ಲಲಾರದು. ಕಾಡಿನ ಹಕ್ಕಿ ಒಂದು ಹೆಜ್ಜೆ ಜಾಸ್ತಿ ಇಟ್ಟರೆ ಎದ್ದು ಹೋಗುತ್ತದೆ. ಎಷ್ಟು ದೂರದಲ್ಲಿ ನಿಲ್ಲಬೇಕು ಅನ್ನುವುದನ್ನು ನಾನು ಚುಕ್ಕಿಗೆ ಕಲಿಸಲಿಲ್ಲ, ಕಲಿಸಲು ನನಗೆ ಬರುವುದೂ ಇಲ್ಲ. ನೂರಾರು ಹಕ್ಕಿ ಅವಳ ಮುಂದೆ ಎದ್ದು ಹೋಗಿ ಕಲಿಸಿದವು.

ಹಕ್ಕಿಯೂ ಕಲಿಯುತ್ತದೆ. ಡಿಸೆಂಬರ್ ಹೊತ್ತಿಗೆ ಹುಂಜಗಳಿಗೆ ಕಾರಿನ ಬಾಗಿಲ ಸದ್ದು ಗೊತ್ತಾಗಿರುತ್ತದೆ. ಧಡ್ ಅಂತ ಬಾಗಿಲು ಹಾಕಿದಿರೋ, ಹೊಲದ ಆ ತುದಿಯಿಂದ ಮೂವತ್ತು ಹಕ್ಕಿ ಎದ್ದು ಹೋಗುವುದನ್ನು ಸುಮ್ನೆ ನೋಡಬೇಕು. ನಾವು ಬಾಗಿಲನ್ನು ಸೊಂಟದಿಂದ ಒತ್ತಿ ಮೆಲ್ಲಗೆ ಹಾಕುತ್ತೇವೆ. ಮಾತಾಡುವುದಿಲ್ಲ. ಸನ್ನೆ ಅಷ್ಟೇ.

ಈಗ ಹುಲ್ಲಿನ ಮಾತು. ಇದು ನನಗೆ ಎಲ್ಲಕ್ಕಿಂತ ಮುಖ್ಯ. ನಾಯಿ ನಿಂತಿದೆ ಅಂದರೆ ಹಕ್ಕಿ ಇದೆ, ಹಕ್ಕಿ ಇದೆ ಅಂದರೆ ಹುಲ್ಲು ಇದೆ. 1985ರ ಕೃಷಿ ಕಾನೂನಿನಲ್ಲಿ ಇಲ್ಲಿ ಒಂದು ಯೋಜನೆ ಬಂತು. ಕನ್ಸರ್ವೇಶನ್ ರಿಸರ್ವ್ ಪ್ರೋಗ್ರಾಂ, ರೈತರ ಬಾಯಲ್ಲಿ ಸಿಆರ್‌ಪಿ. ಮಣ್ಣು ಕೊಚ್ಚಿ ಹೋಗುವಂಥ ಜಮೀನನ್ನು ಉಳದೆ ಹತ್ತರಿಂದ ಹದಿನೈದು ವರ್ಷ ಹುಲ್ಲಿಗೆ ಬಿಟ್ಟರೆ ಸರ್ಕಾರ ಬಾಡಿಗೆ ಕೊಡುತ್ತದೆ. ಯೋಜನೆಯ ಮೊದಲ ಗುರಿ ಹಕ್ಕಿಯಲ್ಲ, ಮಣ್ಣು. ಆದರೆ ಹುಲ್ಲು ಬಂದಲ್ಲಿ ಫೆಸೆಂಟ್ ಬಂತು. 2007ರಲ್ಲಿ ದೇಶದಲ್ಲಿ 3 ಕೋಟಿ 68 ಲಕ್ಷ ಎಕರೆ ಹೀಗೆ ಹುಲ್ಲಿನಲ್ಲಿತ್ತು. ಆಮೇಲೆ ಮೆಕ್ಕೆಜೋಳದ ಬೆಲೆ ಏರಿತು, ಕರಾರು ಮುಗಿದ ಜಮೀನನ್ನು ಉತ್ತರು, ಒಂದು ಕೋಟಿ ಎಕರೆಗೂ ಜಾಸ್ತಿ ಹುಲ್ಲು ಹೋಯಿತು. ರೈತರನ್ನು ನಾನು ದೂರುವುದಿಲ್ಲ. ಸಾಲ ತೀರಿಸಬೇಕಾದವರು ಅವರು. ಆದರೆ ನಾನು ನಡೆದ, ಕಾಲು ಚದರ ಮೈಲಿಯಷ್ಟು ಹುಲ್ಲು, ಚುಕ್ಕಿ ಮೊದಲ ಸಲ ಹುಂಜನ ಮುಂದೆ ನಿಂತ ಜಾಗ, ಮರುವರ್ಷ ಹೋದಾಗ ಅಂಚಿನಿಂದ ಅಂಚಿಗೆ ಉತ್ತ ಮಣ್ಣು. ಚುಕ್ಕಿ ಗಾಡಿಯಿಂದಿಳಿದು ಮೂಗೆತ್ತಿ ಗಾಳಿ ನೋಡಿದಳು, ವಾಪಸ್ ಬಂದು ನನ್ನ ಕಾಲ ಹತ್ತಿರ ಕೂತಳು.

ಬಾಬ್‌ವೈಟ್‌ನ ಸ್ಥಿತಿ ಇನ್ನೂ ಕಷ್ಟ. 1966ರಿಂದ ನಡೆಯುತ್ತಿರುವ ಹಕ್ಕಿ ಎಣಿಕೆಯ ಪ್ರಕಾರ ಅವು ನೂರಕ್ಕೆ 80ಕ್ಕೂ ಹೆಚ್ಚು ಕಡಿಮೆಯಾಗಿವೆ. ಬಂದೂಕು ಇದಕ್ಕೆ ಮುಖ್ಯ ಕಾರಣ ಅಲ್ಲ. ಲಾವಕ್ಕಿ ಮರಿ ಹುಟ್ಟಿದಾಗ ಬೆರಳ ತುದಿಯಷ್ಟಿರುತ್ತದೆ. ಅದು ಓಡಾಡಲು ಹುಲ್ಲಿನ ಬುಡದಲ್ಲಿ ಬರೀ ನೆಲ ಬೇಕು, ಮೇಲೆ ಗಿಡುಗನ ಕಣ್ಣು ತಪ್ಪಿಸಲು ಮರೆ ಬೇಕು, ತಿನ್ನಲು ಹುಳ ಬೇಕು. ಚಾಪೆ ಹಾಸಿದ ಹಾಗೆ ದಟ್ಟವಾಗಿ ಬೆಳೆಯುವ ಮೇವಿನ ಹುಲ್ಲಿನಲ್ಲಿ ಆ ಮರಿ ನಡೆಯಲಾರದು. ಜಾರ್ಜಿಯಾ, ಫ್ಲಾರಿಡಾ ಗಡಿಯಲ್ಲಿ 1920ರ ದಶಕದಲ್ಲಿ ಹರ್ಬರ್ಟ್ ಸ್ಟೊಡಾರ್ಡ್ ಅನ್ನುವವರು ಲಾವಕ್ಕಿ ಯಾಕೆ ಕಡಿಮೆಯಾಗುತ್ತಿದೆ ಅಂತ ವರ್ಷಗಟ್ಟಲೆ ನೋಡಿದರು. ಅವರಿಗೆ ಕಂಡದ್ದು ಬೆಂಕಿ. ಪೈನ್ ಕಾಡಿಗೆ ಆಗಾಗ ಸಣ್ಣ ಬೆಂಕಿ ಬೀಳುತ್ತಿತ್ತು, ಅದು ಕಸ ಸುಟ್ಟು ನೆಲ ತೆರೆಯುತ್ತಿತ್ತು. ಕಾಡು ಉಳಿಸುತ್ತೇವೆ ಅಂತ ಬೆಂಕಿ ನಿಲ್ಲಿಸಿದಾಗ ನೆಲ ಮುಚ್ಚಿಹೋಯಿತು. ಆಗ ಅರಣ್ಯ ಅಧಿಕಾರಿಗಳಿಗೆ ಈ ಮಾತು ರುಚಿಸಲಿಲ್ಲ. ಈಗ ಟ್ಯಾಲಹಾಸಿ ಹತ್ತಿರದ ಟಾಲ್ ಟಿಂಬರ್ಸ್ ಸಂಸ್ಥೆ ಇದೇ ಕೆಲಸ ಮಾಡುತ್ತಿದೆ, 1958ರಿಂದ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ತರಗುಬೆಂಕಿ ಅನ್ನುತ್ತಾರಲ್ಲ, ಎಲೆ ತರಗು ಮಾತ್ರ ಸುಡುವ ಸಣ್ಣ ಬೆಂಕಿ, ಅವರು ಹೇಳುತ್ತಾ ಬಂದದ್ದೂ ಇಂಥದೇ ಮಾತು.

ಬೇಟೆಗಾರರ ದುಡ್ಡು ಇದರಲ್ಲಿ ಇದೆ. 1937ರ ಪಿಟ್‌ಮನ್-ರಾಬರ್ಟ್‌ಸನ್ ಕಾನೂನಿನ ಪ್ರಕಾರ ಇಂಥ ಬಂದೂಕು, ತೋಟಾಗಳ ಮೇಲೆ ನೂರಕ್ಕೆ 11 ತೆರಿಗೆ. ಅದು ರಾಜ್ಯಗಳ ವನ್ಯಜೀವಿ ಕೆಲಸಕ್ಕೆ ಹೋಗುತ್ತದೆ.

ಪ್ರೀತಿಸುವ ಹಕ್ಕಿಯನ್ನು ಯಾಕೆ ಕೊಲ್ಲುತ್ತೀರಿ? ಈ ಪ್ರಶ್ನೆ ಬಂದೇ ಬರುತ್ತದೆ, ಬರಲೂ ಬೇಕು. ನನ್ನ ಹತ್ತಿರ ಎಲ್ಲರನ್ನೂ ಒಪ್ಪಿಸುವ ಉತ್ತರ ಇಲ್ಲ. ಲಾವಕ್ಕಿಗಳಲ್ಲಿ ನೂರರಲ್ಲಿ 70-80 ಹಕ್ಕಿ ಒಂದು ವರ್ಷ ತುಂಬುವ ಮೊದಲೇ ಸಾಯುತ್ತವೆ, ಬೇಟೆ ಇರಲಿ ಇಲ್ಲದಿರಲಿ. ಆ ಲೆಕ್ಕ ನಿಜ. ಆದರೆ ಚುಕ್ಕಿ ತಂದುಕೊಟ್ಟ ಹಕ್ಕಿ ಕೈಯಲ್ಲಿ ಇನ್ನೂ ಬಿಸಿಯಾಗಿರುವಾಗ ಲೆಕ್ಕ ನೆನಪಾಗುವುದಿಲ್ಲ. ನೋವಾಗುತ್ತದೆ. ಆ ನೋವು ಇರಬೇಕು ಅಂತ ನಾನು ಅಂದುಕೊಂಡಿದ್ದೇನೆ, ಅದು ಹೋದ ದಿನ ಬಂದೂಕು ಮಾರುತ್ತೇನೆ. ಮಾಂಸ ತಿನ್ನುವವನು ನಾನು. ನನ್ನ ತಟ್ಟೆಗೆ ಬಂದದ್ದು ಎಲ್ಲಿ ಬದುಕಿತ್ತು, ಹೇಗೆ ಸತ್ತಿತು ಅಂತ ವರ್ಷದಲ್ಲಿ ಕೆಲವು ದಿನವಾದರೂ ನನಗೆ ಗೊತ್ತಿರಲಿ.

ನನ್ನವೇ ಕೆಲವು ಕಟ್ಟುಪಾಡು ಇವೆ. ಎಂಟಕ್ಕಿಂತ ಕಡಿಮೆ ಇರುವ ಲಾವಕ್ಕಿ ಹಿಂಡಿಗೆ ಹೊಡೆಯುವುದಿಲ್ಲ. ಸಂಜೆ ನಾಲ್ಕರ ಮೇಲೆ ಹಿಂಡನ್ನು ಚದುರಿಸುವುದಿಲ್ಲ, ರಾತ್ರಿಯ ಚಳಿಗೆ ಮುಂಚೆ ಅವು ಒಂದನ್ನೊಂದು ಕರೆದು ಸೇರಿಕೊಳ್ಳಬೇಕು. ಬಿದ್ದ ಹಕ್ಕಿ ಸಿಗುವವರೆಗೆ ಮುಂದೆ ಹೋಗುವುದಿಲ್ಲ. ಹೋದ ಜನವರಿಯಲ್ಲಿ ರೆಕ್ಕೆಗೆ ಪೆಟ್ಟಾದ ಒಂದು ಹುಂಜ ಜೊಂಡಿನೊಳಗೆ ಓಡಿತು. ನಲವತ್ತು ನಿಮಿಷ ಹುಡುಕಿದೆವು. ನಾನು ಕೈಬಿಟ್ಟಿದ್ದೆ. ಚುಕ್ಕಿ ಬಿಡಲಿಲ್ಲ. ಮಂಜುಗಡ್ಡೆ ಒಡೆದು ಎದೆಮಟ್ಟ ನೀರಿನಲ್ಲಿ ಹೋಗಿ ಎತ್ತಿ ತಂದಳು.

ಮನೆಗೆ ಬಂದು ಹಕ್ಕಿ ಶುಚಿ ಮಾಡುವಾಗ ಅದರ ಕೊರಳ ಬುಡದ ಕಾಳಿನ ಚೀಲವನ್ನು ಬಿಡಿಸಿ ನೋಡುವುದು ನನ್ನ ಅಭ್ಯಾಸ. ಅವತ್ತಿನ ಹುಂಜನ ಚೀಲದಲ್ಲಿ ಒಂದು ಹಿಡಿ ಕೆಂಪು ಜೋಳ, ಕಾಡು ಸೂರ್ಯಕಾಂತಿಯ ಬೀಜ, ಗುಲಾಬಿ ಗಿಡದ ಒಂದೆರಡು ಕಾಯಿ, ಹಸಿರು ಎಲೆಯ ಚೂರು ಇದ್ದವು. ತಟ್ಟೆಯಲ್ಲಿ ಹರಡಿ ಮಗಳನ್ನು ಕರೆದೆ. ಅವಳು ಬೆರಳಲ್ಲಿ ಸರಿಸಿ ಸರಿಸಿ, ಇದು ಯಾವ ಹೊಲದ್ದು, ಇದು ಯಾವ ಬೇಲಿಯದ್ದು ಅಂತ ಕೇಳುತ್ತಾ ಕೂತಳು. ನನಗೆ ಗೊತ್ತಿತ್ತು, ಹೇಳಿದೆ. ಮಾಂಸ ಸಣ್ಣ ಉರಿಯಲ್ಲಿ ಸಾರಾಯಿತು, ಮುದ್ದೆಯ ಜೊತೆ. ಫೆಸೆಂಟ್‌ಗೆ ಕೊಬ್ಬು ಕಡಿಮೆ, ಅವಸರ ಮಾಡಿದರೆ ನಾರಾಗುತ್ತದೆ.

ಈ ನವೆಂಬರ್‌ನಲ್ಲಿ ಯಾರಿಗಾದರೂ ಬಂದು ನೋಡಬೇಕು ಅನ್ನಿಸಿದರೆ ಬನ್ನಿ. ಬಂದೂಕು ಬೇಡ, ಸುಮ್ನೆ ನಡೆಯಲು ಬನ್ನಿ. ಗಟ್ಟಿ ಬೂಟು ಇರಲಿ, ಮುಳ್ಳಿಗೆ ತಡೆಯುವ ಪ್ಯಾಂಟು ಇರಲಿ. ಕಿತ್ತಳೆ ಬಣ್ಣದ ಟೋಪಿ ನನ್ನ ಹತ್ತಿರ ಎರಡು ಜಾಸ್ತಿ ಇವೆ. ಚುಕ್ಕಿಗೆ ಈಗ ಒಂಬತ್ತು ವರ್ಷ, ಮಧ್ಯಾಹ್ನದ ಮೇಲೆ ಸುಸ್ತಾಗುತ್ತಾಳೆ. ಬೆಳಿಗ್ಗೆ ಆರಕ್ಕೆ ಹೊರಡುತ್ತೇವೆ. ಗಾಡಿಯ ಬಾಗಿಲು ಮಾತ್ರ ಮೆಲ್ಲಗೆ ಹಾಕಿ.